ಮಾವನ ನೀಲಿ ಬಾವುಟ

ನುಸಿಗುಳಿಗೆಯ ವಾಸನೆ ಎಂದರೆ ನಿಮಗೆ ಬೀರು ನೆನಪಾಗಬಹುದು. ನನಗೆ ಸಿಟ್ಟು ಬರುತ್ತದೆ. ತೀರಿಹೋದ ಸೋದರಮಾವನ ಟ್ರಂಕನ್ನು ಇವತ್ತು ಬೆಳಿಗ್ಗೆ ತೆಗೆದೆ. ಅದೇ ವಾಸನೆ, ಅದೇ ನೀಲಿ ಬಾವುಟ, ಅಂಚಿನಲ್ಲಿ ಗೇಣುದ್ದ ಹರುಕು.

ಮಾವ ಇಂಗ್ಲಿಷರ ಸರಕು ಹಡಗಿನಲ್ಲಿ ಖಲಾಸಿಯಾಗಿದ್ದವನು. ಆಮೇಲೆ ಹೊನ್ನಾಳಿಯ ನಮ್ಮ ಮನೆಯಲ್ಲೇ ಇದ್ದ. ಹೊಳೆ ಬಿಟ್ಟು ಬೇರೆ ನೀರು ಕಾಣದ ನನಗೆ ಬಾವುಟದ ಶಾಸ್ತ್ರ ಹೇಳುತ್ತಿದ್ದ. ಸರಕು ಹಡಗಿಗೆಲ್ಲ ಕೆಂಪು ಬಾವುಟ. ಕ್ಯಾಪ್ಟನ್ ನೌಕಾಪಡೆಯ ಮೀಸಲು ದಳದವನಾಗಿರಬೇಕು, ಅಂದರೆ ಯುದ್ಧ ಬಂದರೆ ಹೊರಡಬೇಕಾದವನು; ಸಿಬ್ಬಂದಿಯಲ್ಲೂ ಅಂಥವರು ಇಷ್ಟು ಮಂದಿ ಅಂತ ಇರಬೇಕು, ಆಗ ಮಾತ್ರ ನೀಲಿ. ಅದಕ್ಕೂ ಅಪ್ಪಣೆಪತ್ರ ಬೇಕು; ಮಾವನ ಹಡಗಿಗೆ ಅದಿತ್ತು. ಮೂಲೆಯಲ್ಲಿ ಅವರ ದೇಶದ ಗುರುತು, ಉಳಿದದ್ದೆಲ್ಲ ನೀಲಿ. "ಗಾಳಿಗೆ ಮೊದ್ಲು ಹರಿಯೋದು ತುದಿ. ಕತ್ತರಿಸಿ ಮತ್ತೆ ಮಡಚಿ ಹೊಲೀತಿದ್ದೆ," ಅನ್ನುತ್ತಿದ್ದ. ಹೊಲಿದು ಹೊಲಿದು ಗಿಡ್ಡವಾದದ್ದನ್ನು ಕ್ಯಾಪ್ಟನ್ನೇ ಅವನಿಗೆ ಕೊಟ್ಟಿದ್ದನಂತೆ.

ಅಕ್ಕನನ್ನು ನೋಡಲು ನ್ಯಾಮತಿಯಿಂದ ಗಂಡಿನ ಕಡೆಯವರು ಬರುವ ದಿನವೇ ಮಾವ ಅದನ್ನು ತಾರಸಿಯ ಮೇಲೆ ಬಿಸಿಲಿಗೆ ಹಾಕಿದ್ದ. ಕೆಳಗಿನಿಂದ ಕಂಡದ್ದು ಬರೀ ನೀಲಿ. ಗಂಡಿನ ದೊಡ್ಡಪ್ಪ ಬಾಗಿಲಲ್ಲೇ ನಿಂತರು, ಚಪ್ಪಲಿ ಬಿಡಲಿಲ್ಲ.

"ನಿಮ್ಮನೆ ಮ್ಯಾಲೆ ಆ ಮಂದಿ ಬಾವುಟ ಯಾಕೈತ್ರಿ? ಮೊದ್ಲು ತೆಗೀರಿ. ನೋಡಿದೋರು ಏನಂತಾರೆ?"

ಊರ ದಲಿತ ಸಂಘದವರದು ನೀಲಿ ಬಾವುಟ. 'ಆ ಮಂದಿ' ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ.

ನಾನೋ, ಕಾಲೇಜಿನಲ್ಲಿ ಸಮಾನತೆಯ ಮೇಲೆ ಭಾಷಣ ಮಾಡಿ ಬಹುಮಾನವಾಗಿ ಸ್ಟೀಲ್ ಲೋಟ ಗೆದ್ದವನು. ದಡದಡ ಮೆಟ್ಟಿಲು ಹತ್ತಿ, ತಂತಿಗೆ ಸಿಕ್ಕಿಕೊಂಡಿದ್ದನ್ನು ಪರ್ರನೆ ಎಳೆದೆ. ಕೆಳಗಿಳಿದು, "ಛೇ ಛೇ, ಅವರದಲ್ಲರೀ, ಹಡಗಿಂದು," ಎಂದು ಹಲ್ಲು ಕಿರಿದೆ. ದೊಡ್ಡಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು.

ಹರಿದ ಬಾವುಟವನ್ನು ಮಾವ ಮಡಚಿ ಟ್ರಂಕಿನಲ್ಲಿಟ್ಟ. ಅವರೆಲ್ಲ ಹೋದ ಮೇಲೆ ಕೇಳಿದ: "ಅವರ್ದೇ ಆಗಿದ್ರೆ ಏನಾಗ್ತಿತ್ತಲೇ? ಹಡಗ್ನಾಗೆ ನಂಗೆ ಜ್ವರ ಬಂದಾಗ ಮೈ ಒರೆಸಿ ಗಂಜಿ ಕುಡಿಸಿದೋನು ಜಗಳೂರು ಕಡೆಯೋನು, ಅವರ ಪೈಕೀನೇ. ಅವನ್ ಮುಂದೆ ಹಿಂಗೇ ಅಂತಿದ್ದೇನು?"

ಮದುವೆಯಾಯಿತು. ಮಾವ ಅಕ್ಷತೆ ಹಾಕಿದ, ಊಟಕ್ಕೆ ಕೂರಲಿಲ್ಲ. ನಾನು ಮೂರು ಸಲ ಪಾಯಸ ಹಾಕಿಸಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಇವತ್ತು ಅದನ್ನು ತಾರಸಿಯಲ್ಲಿ ಹರವಿ ಕೆಳಗಿಳಿದರೆ, ಪಕ್ಕದ ಮನೆಯವರು ಕಾಂಪೌಂಡಿನ ಬಳಿ ನಿಂತಿದ್ದರು. ತುಂಬ ಸಭ್ಯರು, ದನಿ ತಗ್ಗಿಸಿ ಕೇಳಿದರು: "ಸರ್, ಬಾವುಟ... ಅವರದ್ದಾ?"

ಹಡಗಿನ ಕಥೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಹೌದ್ರಿ," ಅಂದೆ. "ಏನೀಗ?"