ಕೆಫೆಗೆ ಕೊಟ್ಟ ಕ್ಯಾಮೆರಾಗಳು

ನಮ್ಮ ಯಜಮಾನ್ರು ಏಕಾಂತಯ್ಯ ಅಂತ. ಅಗ್ರಹಾರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಮೈ ತುಂಬ ರಾಗಿಹಿಟ್ಟು, ತಲೆ ತುಂಬ ಹಳೇ ಕ್ಯಾಮೆರಾ. ಸಾವಿರಗಟ್ಟಲೆ ಸುರಿಯೋ ಪೈಕಿ ಅಲ್ಲ. ಗುಜರಿ ಅಂಗಡಿಯಲ್ಲಿ, ಬಾಗಿಲು ಹಾಕಿದ ಸ್ಟುಡಿಯೋಗಳಲ್ಲಿ ಇನ್ನೂರು ಮುನ್ನೂರಕ್ಕೆ ಸಿಗೋ ಡಬ್ಬಾ ಕ್ಯಾಮೆರಾ, ಆಗ್ಫಾ ಕ್ಲಿಕ್ಕು, ಇಂಥವೇ. ಸಂಜೆ ಅವನ್ನ ಬಿಚ್ಚಿಕೊಂಡು ಕೂತರೆ ಊಟಕ್ಕೆ ಕರೆದು ಕರೆದು ನನ್ನ ಗಂಟಲು ಕಟ್ಟಿಹೋಗೋದು.

ಬೈದಿದ್ದೀನಿ, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಹೇಳೋದೂ ನಿಜ. ಒಂದು ಕಾಲಕ್ಕೆ ಫೋಟೋ ಅಂದರೆ ಒಳ್ಳೆ ಬಟ್ಟೆ ಹಾಕ್ಕೊಂಡು ಸ್ಟುಡಿಯೋಗೇ ಹೋಗಬೇಕಿತ್ತು. ಈ ಅಗ್ಗದ ಡಬ್ಬಗಳು ಬಂದಮೇಲೇ ನಮ್ಮಂಥವರ ಅಡುಗೆಮನೆ, ತೊಟ್ಟಿಲು, ಹಿತ್ತಲು ಎಲ್ಲ ಫೋಟೋಗೆ ಬಂದಿದ್ದು. ಕೆಟ್ಟ ಕ್ಯಾಮೆರಾ ಹಾಗೇ ಇಟ್ಟುಕೊಳ್ಳೋರಲ್ಲ ಇವರು. ರಿಪೇರಿ ಮಾಡಿ, ರೋಲು ಹಾಕಿ, ಮೊದಲ ಫೋಟೋ ನನ್ನದೇ ತೆಗೆಯೋರು.

ವಿಜಯ್‌ಕುಮಾರ್ ಪಕ್ಕದ ಬೀದಿಯವನು. ಇಪ್ಪತ್ತು ವರ್ಷದಿಂದ ಇವರನ್ನ ಅಣ್ಣ, ನನ್ನನ್ನ ಅತ್ತಿಗೆ ಅಂತಿದ್ದವನು. ಬನ್ನಿಮಂಟಪದಲ್ಲಿ ಕೆಫೆ ತೆರೀತಿದ್ದೀನಿ, ಗಾಜಿನ ಬೀರುವಲ್ಲಿ ಕ್ಯಾಮೆರಾ ಇಟ್ಟು ಕಾಲೇಜು ಮಕ್ಕಳಿಗೆ ತೋರಿಸೋಣ, ಒಂದೊಂದರ ಕೆಳಗೂ ಅಣ್ಣನ ಹೆಸರು ಬರೆಸ್ತೀನಿ ಅಂದ. ಇವರು ಹಿಗ್ಗಿಹೋದರು. ಚೆನ್ನಾಗಿ ಓಡೋ ಏಳೆಂಟನ್ನ ಆರಿಸಿ, ಹಳೇ ಪಂಚೆಯಲ್ಲಿ ಸುತ್ತಿ ಕೊಟ್ಟರು.

ಓಪನಿಂಗ್ ದಿನ ಇವರಿಗೆ ಇಸ್ತ್ರಿ ಮಾಡಿದ ಷರ್ಟು ಹಾಕಿಸಿ ಕರ್ಕೊಂಡು ಹೋದೆ. ಗಾಜಿನ ಬೀರು ಎಲ್ಲೂ ಇರಲಿಲ್ಲ. ಟೇಬಲ್ಲುಗಳ ಮೇಲೆ ದೀಪ ತೂಗ್ತಿದ್ದವು. ತಲೆಯೆತ್ತಿ ನೋಡಿದರೆ ನಮ್ಮ ಕ್ಯಾಮೆರಾಗಳೇ. ಲೆನ್ಸ್ ಕಿತ್ತು, ಮೇಲೆ ತೂತು ಕೊರೆದು, ಒಳಗೆ ಬಲ್ಬು ಕೂರಿಸಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಪಾಪ, ತಿಳೀದೆ ಮಾಡಿದ್ದಾನೆ ಅಂತ ಇವರೇ ನನ್ನನ್ನ ಸುಮ್ಮನಾಗಿಸಿದರು. ಆಮೇಲೆ ಮೆಲ್ಲಗೆ ಅವನ ಹತ್ತಿರ ಹೋದರು.

"ಒಂದು ಮಾತು ಕೇಳಬಾರದಿತ್ತೇನೋ, ವಿಜಿ?"

ಅವನು ನಕ್ಕ. "ಕೇಳಿದ್ರೆ ನೀವು ಕೊಡ್ತಿರಲಿಲ್ಲ ಕಣಣ್ಣ. ಅದಕ್ಕೇ ಕೇಳ್ಲಿಲ್ಲ."

ಅಂದರೆ ಎಲ್ಲ ಗೊತ್ತಿತ್ತು ಅವನಿಗೆ. ನಮ್ಮ ಮನೆ ಜಗಲಿ ಮೇಲೆ ಕೂತು ಗಾಜಿನ ಬೀರು ಅಂದಾಗಲೇ ಗೊತ್ತಿತ್ತು. ನಾಚಿಕೆಗೆಟ್ಟವನು.

ವಾಪಸ್ ಬರ್ತಾ ಆಟೋದಲ್ಲಿ ದಾರಿಯುದ್ದಕ್ಕೂ ನಾನು ಅವನಿಗೆ ಶಾಪ ಹಾಕ್ತಾನೇ ಇದ್ದೆ. ನಮ್ಮ ಬೀದಿಗೆ ತಿರುಗಿದ ಮೇಲೆ ಇವರು ಅಂದರು, "ಲೆನ್ಸ್ ಬಿಚ್ಚೋದು ಹೆಂಗೆ ಅಂತ ಹೋದ ತಿಂಗಳು ಬಂದು ಕೇಳಿದ್ದ. ಇವನಿಗೂ ಆಸೆ ಹುಟ್ಟಿತಲ್ಲಾ ಅಂತ ಪಕ್ಕದಲ್ಲಿ ಕೂರಿಸ್ಕೊಂಡು ನಾನೇ ಹೇಳಿಕೊಟ್ಟೆ ಕಣೆ."