ನೀಲವ್ವನವರ ಹರವಿಯ ಪಕ್ಕದ ಆರ್ಕಿಡ್

ಏಪ್ರಿಲ್‌ನ ಒಂದು ಸಂಜೆ ಗೋಡೆಗೆ ಒರಗಿದೆ, ಬೆನ್ನು ಸುಟ್ಟಿತು. ಸೂರ್ಯ ಆಗಲೇ ಮುಳುಗಿದ್ದ. ಕೂನೂರಿನ ಆರ್ಕಿಡ್ ಗೆಳೆಯರಾದ ನಿಮಗೆ ಇದನ್ನು ನಂಬಿಸುವುದು ಕಷ್ಟ. ಅಲ್ಲಿ ಕಿಟಕಿ ಮುಚ್ಚಲು ಮರೆತರೆ ಮಂಜು ಒಳಗೆ ಬಂದು ಕುರ್ಚಿಯ ಮೇಲೆ ಕೂರುತ್ತದೆ. ಧಾರವಾಡದ ಬಿಸಿಲು ತಾನು ಹೋದ ಮೇಲೂ ಗೋಡೆಯೊಳಗೆ ಉಳಿದುಬಿಡುತ್ತದೆ.

ಹೆಂಡತಿಗೆ ಇಲ್ಲಿಯ ರಾಯಾಪುರದ ಕಚೇರಿಗೆ ವರ್ಗವಾಯಿತು; ನಿವೃತ್ತನಾದ ನಾನು ಕೂನೂರು ಬಿಟ್ಟು ಅವಳ ಸಾಮಾನಿನ ಜೊತೆ ಬಂದೆ. ನನ್ನ ಸಾಮಾನೆಂದರೆ ಒಂದೇ ಆರ್ಕಿಡ್. ಮೋಡ ಮುಸುಕಿದ ಕಾಡುಗಳ ಗಿಡ. ತಂಪು ರಾತ್ರಿ, ಒದ್ದೆ ಗಾಳಿ ಬೇಕು. ಇಲ್ಲಿ ಅದರ ಎಲೆಗಳು ಜೋತುಬಿದ್ದವು. ಕೂಲರನ್ನು ಅದರ ಮುಂದೆ ಪ್ರತಿಷ್ಠಾಪಿಸಿ ನಾವಿಬ್ಬರೂ ಬೆವರಿದೆವು. ಹೆಂಡತಿ ಕಚೇರಿಗೆ ಹೋದ ಮೇಲೆ ನನ್ನೊಡನೆ ಮಾತಾಡುತ್ತಿದ್ದುದೂ ಆ ಕೂಲರೇ. ಒಂದು ದಿನ ಕರೆಂಟ್ ಹೋಗಿ ಅದೂ ಮೌನವಾಯಿತು.

ಮನೆ ಮಾಲಕಿ ನೀಲವ್ವ, ಅಮ್ಮಿನಬಾವಿಯ ಒಕ್ಕಲುತನದ ಮನೆಯವರು, ಮೆಟ್ಟಿಲೇರಿ ಬಂದರು.

"ಇದಕ್ಕ ಮಣ್ಣ ಹಾಕಿಲ್ಲಲ್ರಿ ಸರ?"

"ಮಣ್ಣು ಹಾಕಿದರೆ ಸತ್ತುಹೋಗುತ್ತೆ ಅಕ್ಕಾ. ಬಿಸಿಲೂ ಆಗಲ್ಲ."

"ಮಣ್ಣ ಬ್ಯಾಡಂತ, ಬಿಸಲ ಬ್ಯಾಡಂತ. ಅಳಿಯಾ ಆಗಿ ಹುಟ್ಟಬೇಕಿತ್ರಿ ಇದು. ಕೆಳಗ ತರ್ರಿ."

ಕೆಳಗೆ ಅವರ ದಪ್ಪ ಗೋಡೆಯ ಒಳಕೋಣೆ, ಒಂದು ಸಣ್ಣ ಕಿಟಕಿ. ಒದ್ದೆ ಮರಳಿನ ಮೇಲೆ ಹರವಿ, ಅಂದರೆ ಕುಡಿಯುವ ನೀರಿನ ದೊಡ್ಡ ಮಣ್ಣಿನ ಕೊಡ. ಎದುರಿಗೆ ದೇವರ ಜಗಲಿ. ಸ್ನಾನವಾಗದೆ ಮೊಮ್ಮಕ್ಕಳಿಗೂ ಪ್ರವೇಶವಿಲ್ಲದ ಆ ಸನ್ನಿಧಿಯಲ್ಲಿ ನನ್ನ ಗಿಡಕ್ಕೆ ಜಾಗ ಸಿಕ್ಕಿತು. ದಿನಾ ಬೆಳಿಗ್ಗೆ ಮಿಂದು ನಾನೂ ಅದರ ದರ್ಶನಕ್ಕೆ ಹೋಗತೊಡಗಿದೆ. ತಪ್ಪಿಸಿದರೆ "ಗಿಡಾ ಕೇಳಾಕತ್ತೈತ್ರಿ ನಿಮ್ಮನ್ನ" ಎಂದು ಕೆಳಗಿನಿಂದ ಕೂಗು. ಹೋದರೆ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ.

ಮಳೆ ಹಿಡಿದ ಮೇಲೆ ಮೊಗ್ಗು ಬಂತು. ಒಂದೇ. ಬಯಲುಸೀಮೆಯಲ್ಲಿ ಅದು ಅರಳುವುದಿಲ್ಲವೆಂದು ನಿಮ್ಮಲ್ಲಿ ಕೆಲವರು ತೀರ್ಪು ಕೊಟ್ಟಿದ್ದಿರಿ. ಫೋಟೊ ಕಳಿಸುತ್ತೇನೆಂದು ನಾನು ಸಾರಿದ್ದೆ.

ಒಂದು ಸೋಮವಾರ ಮೊಬೈಲ್ ಹಿಡಿದು ಇಳಿದೆ. ದಂಟು ಬೋಳಾಗಿತ್ತು. ಕಿತ್ತಳೆ ಬಣ್ಣದ ಹೂವು ಜಗಲಿಯಲ್ಲಿ, ಲಿಂಗದ ನೆತ್ತಿಯ ಮೇಲಿತ್ತು.

"ಮೊದಲ್ನೇ ಹೂ ದೇವರಿಗೇ ಅಲ್ಲೇನ್ರಿ," ಎಂದರು ನೀಲವ್ವ. "ನಮ್ಮ ಮನ್ಯಾಗ ಅರಳಿದ್ದು. ಯಾಕ್ರಿ ಸರ, ನಿಮ್ಮ ಕಡೆ ಏರಿಸೂದಿಲ್ಲೇನು?"

ಗಿಡ ನನ್ನದು ಎನ್ನಬೇಕೆನಿಸಿತು. ಬೇಸಿಗೆಯುದ್ದಕ್ಕೂ ಅದಕ್ಕೆ ನೀರು ಚಿಮುಕಿಸಿದವರು ನೀಲವ್ವನವರೇ ಎಂಬುದೂ ಗೊತ್ತಿತ್ತು.

"ಏರಿಸ್ತೇವ್ರಿ," ಎಂದು ಕೈಮುಗಿದೆ. ಆಮೇಲೆ ಅವರ ಅಪ್ಪಣೆ ಪಡೆದು ಫೋಟೊ ತೆಗೆದೆ.

ಈ ಪತ್ರದ ಜೊತೆಗಿರುವುದು ಅದೇ. ಹೂವಿನ ಸುತ್ತ ವಿಭೂತಿ, ಬಿಲ್ವಪತ್ರೆ, ಅಂಚಿನಲ್ಲಿ ನೀಲವ್ವನವರ ಬಳೆ ಕಾಣುತ್ತವೆ. ಅವನ್ನು ಕತ್ತರಿಸಿ ಹೂವಷ್ಟನ್ನೇ ಕಳಿಸಲು ಮನಸ್ಸು ಬರಲಿಲ್ಲ. ಅರಳಿಸಿದ್ದಕ್ಕೆ ನೀವು ನನ್ನನ್ನೇ ಹೊಗಳಿ. ಕೂನೂರಿನ ಮಟ್ಟಿಗೆ ಅದು ನನ್ನ ಗಿಡ. ಇಲ್ಲಿ ಅದು ಕೆಳಗಿನ ಮನೆಯದು. ಅದನ್ನು ಮಾತಾಡಿಸಲು ದಿನಾ ಬರುವ ನೆಂಟ ನಾನು.