ಕಡೆಯ ಮನೆಯ ಒಪ್ಪಿಗೆ

ಹಳೆಯ ಮರಕ್ಕೆ ಹುಳ ಬೀಳದಂತೆ ಬಳಿದ ಗೇರೆಣ್ಣೆಯ ವಾಸನೆ ಬಂದರೆ ಸಾಕು, ಈ ವಯಸ್ಸಿನಲ್ಲೂ ನನ್ನ ಎದೆ ಡವಗುಟ್ಟುತ್ತದೆ. ಮೊನ್ನೆ ಗ್ರಾಮಸಭೆಗೆ ಹೋದಾಗ ಪಂಚಾಯತಿನ ಹಿಂಬದಿಯಲ್ಲಿ ಕಿಂಡಿ ಅಣೆಕಟ್ಟಿನ ಹಳೆಯ ಹಲಗೆಗಳನ್ನು ಪೇರಿಸಿಟ್ಟಿದ್ದರು. ನೀರು ಕುಡಿದು ಕಪ್ಪಾದ ಮರ, ಸಂದಿಯಲ್ಲಿ ಒಣಗಿದ ಜೇಡಿ, ಮೇಲೆ ಆ ಕಟು ವಾಸನೆ. ಇಡೀ ಮನೆಯನ್ನೇ ಹೊತ್ತು ತರುವ ವಾಸನೆಯೊಂದು ನಿಮಗೂ ಇದ್ದೀತು. ನನಗೆ ಅದು ತಂದದ್ದು ವೇಣೂರಿನಾಚೆ ಹೊಳೆಯ ತಿರುವಿನಲ್ಲಿದ್ದ ದೊಡ್ಡಮ್ಮನ ಮನೆಯನ್ನು. ನಾನು ಬೆಳೆದದ್ದು ಅಲ್ಲೇ.

ಮಳೆಗಾಲ ಕಳೆದು ಹೊಳೆ ಸಣ್ಣದಾದ ಮೇಲೆ ಪಂಚಾಯತಿನವರು ಹಲಗೆ ಕೊಡುತ್ತಿದ್ದರು, ಊರವರು ಮೈ ಬಗ್ಗಿಸುತ್ತಿದ್ದರು. ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿ ತುಳಿದು ತುಂಬಿದರೆ ನೀರು ನಿಲ್ಲುತ್ತಿತ್ತು. ಬೇಸಗೆಯಿಡೀ ಗದ್ದೆ, ತೋಟ, ಬಾವಿ ಎಲ್ಲ ಅದರಿಂದಲೇ ಬದುಕುತ್ತಿದ್ದವು. ಹಲಗೆಯ ಮೇಲಿಂದ ನೀರು ಧುಮುಕುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಒಗ್ಗರಣೆ ಹಾಕುತ್ತಲೇ ದೊಡ್ಡಮ್ಮ ಅದಕ್ಕೆ ಕಿವಿ ಕೊಡುತ್ತಿದ್ದಳು. ಮಳೆ ಹಿಡಿಯುವ ಮೊದಲು, ನೆರೆಗೆ ದಾರಿಯಾಗುವಂತೆ, ಹಲಗೆ ತೆಗೆಯುವ ಜವಾಬ್ದಾರಿ ದೊಡ್ಡಪ್ಪನದು. ಅದಕ್ಕೊಂದು ಕ್ರಮವಿತ್ತು. ಆ ನೀರು ನಂಬಿದ ಪ್ರತಿ ಮನೆಯ ಅಂಗಳದಲ್ಲೂ ನಿಂತು ಕೇಳಬೇಕು, ಎಲ್ಲರೂ ‘ಆಗಲಿ’ ಎಂದ ಮೇಲೆಯೇ ಕೈ ಹಾಕಬೇಕು. ಕಡೆಯ ಮನೆ ನಮ್ಮದು. ಕಟ್ಟಿಕೊಂಡ ಹೆಂಡತಿಯನ್ನೂ ಅವರು ಪರರಂತೆ ಅಂಗಳದಲ್ಲಿ ನಿಂತೇ ಕೇಳುವುದನ್ನು ಕಂಡು ನಾವು ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು.

ಆ ವರ್ಷ ನಗು ಬರಲಿಲ್ಲ. ಬಿಸಿಲಿಗೆ ಹೊಳೆಯ ಮೇಲ್ಭಾಗ ಬತ್ತಿ, ಧುಮುಕುವ ಸದ್ದು ನಿಂತೇ ಹೋಗಿತ್ತು. ಆ ಮೌನ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು. ಮನೆಯಲ್ಲಿ ಯಾರೋ ಉಸಿರು ಬಿಗಿಹಿಡಿದು ಕೂತ ಹಾಗೆ. ಅಣೆಕಟ್ಟಿನ ಹಿಂದೆ ಉಳಿದ ಅಷ್ಟು ನೀರೇ ಎಲ್ಲರ ಜೀವ. ಆದರೆ ಮೂಡುದಿಕ್ಕಿಗೆ, ಘಟ್ಟದ ಮೇಲೆ, ಸಂಜೆಯಾದರೆ ಮಿಂಚುತ್ತಿತ್ತು. ಈಗಲೇ ಹಲಗೆ ತೆಗೆಯೋಣ ಎಂದು ದೊಡ್ಡಪ್ಪ ಮನೆಮನೆಗೆ ಹೋಗಿ ಬೇಡಿಕೊಂಡರು. ಎಲ್ಲರೂ ಒಲ್ಲದ ಮನಸ್ಸಿನಿಂದ ಒಪ್ಪಿದರು. ಕಡೆಗೆ ನಮ್ಮ ಅಂಗಳಕ್ಕೆ ಬಂದು ನಿಂತರು. ದೊಡ್ಡಮ್ಮ ಬರಿಯ ಕೊಡ ಹಿಡಿದು ಬಾವಿಕಟ್ಟೆಯ ಹತ್ತಿರ ನಿಂತಿದ್ದಳು.

“ಒಂದು ನಾಲ್ಕು ದಿನ ಇರಲಿ,” ಎಂದಳು. “ನೀರು ಬಿಟ್ಟರೆ ಮಕ್ಕಳಿಗೆ ಎಂತ ಕುಡಿಸುವುದು?”

ದೊಡ್ಡಪ್ಪ ಹಲಗೆಗೆ ಕೈ ಹಾಕಲಿಲ್ಲ. ಊರಿಗೊಂದು ಕ್ರಮ, ಹೆಂಡತಿಗೊಂದು ಕ್ರಮ ಮಾಡುವ ಜನ ಅವರಲ್ಲ.

ಮರುದಿನ ಮಧ್ಯಾಹ್ನ ನಮ್ಮಲ್ಲಿ ಸುಡುಬಿಸಿಲು. ಊಟಕ್ಕೆ ಕೂತಿದ್ದೆವು. ಸದ್ದು ಕೇಳಿತು. ಮೊದಲು ನನಗೆ ಖುಷಿಯೇ ಆಯಿತು, ಹೊಳೆ ಮತ್ತೆ ಮಾತಾಡಿತೆಂದು. ದೊಡ್ಡಮ್ಮನ ಮುಖ ನೋಡಿದ ಮೇಲೆ ತುತ್ತು ಬಿಟ್ಟು ಅವಳ ಹಿಂದೆ ಹೊಳೆಯ ದಡಕ್ಕೆ ಓಡಿದೆ. ಘಟ್ಟದಲ್ಲಿ ಸುರಿದ ಮಳೆ ಕೆಂಪಗೆ, ಮರದ ಕೊಂಬೆಗಳನ್ನು ಹೊತ್ತು ಬರುತ್ತಿತ್ತು. ದೊಡ್ಡಪ್ಪ ಅಣೆಕಟ್ಟಿನ ಮೇಲೆ ಕೂತು ಹಲಗೆಗೆ ಕೊಕ್ಕೆ ಹಾಕಿ ಎಳೆದರು. ಉಬ್ಬಿದ ಮರ ಜಪ್ಪಯ್ಯ ಎಂದರೂ ಏಳಲಿಲ್ಲ. ನೀರು ಅವರ ಮೊಣಕಾಲಿಗೆ ಬಂತು. ನಾನು ದಡದಲ್ಲಿ ದೊಡ್ಡಮ್ಮನ ಸೆರಗು ಹಿಡಿದು ನಿಂತಿದ್ದೆ.

“ಮೇಲೆ ಬನ್ನಿ ನೀವು,” ಎಂದು ಅವಳು ಕೂಗಿದಳು. “ಮನೆ ಹೋದರೆ ಹೋಗ್ತದೆ. ನೀವು ಬನ್ನಿ.”

ಅವರು ಬಂದರು. ದಾರಿ ಸಿಗದ ಹೊಳೆ ಅಣೆಕಟ್ಟಿನ ಬದಿಯನ್ನು ಕೊರೆದು ತಿರುವಿಗೆ ನುಗ್ಗಿತು. ಮೊದಲು ಅಡುಗೆಮನೆ, ಆಮೇಲೆ ಉಳಿದದ್ದು. ನಾವು ಶಿರ್ತಾಡಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಅಲ್ಲಿ ಯಾರಾದರೂ ನಳ್ಳಿ ತಿರುಗಿಸಿದರೂ ದೊಡ್ಡಮ್ಮ ಬೆಚ್ಚಿ ಏಳುತ್ತಿದ್ದಳು. ಆ ದಿನದ ಮಾತನ್ನು ದೊಡ್ಡಪ್ಪ ಒಮ್ಮೆಯೂ ಎತ್ತಲಿಲ್ಲ. ಅವಳು ಸಾಯುವವರೆಗೂ ಮರೆಯಲಿಲ್ಲ.

ಮೊನ್ನೆಯ ಸಭೆ ಅದೇ ತಿರುವಿನಲ್ಲಿ ಕಟ್ಟುವ ದೊಡ್ಡ ಅಣೆಕಟ್ಟಿನದು. ತೋಟಗಳು ಒಣಗುತ್ತಿರುವಾಗ ಬೇಡವೆನ್ನಲು ನನಗೂ ಬಾಯಿ ಬರಲಿಲ್ಲ. ಗೇಟು ತೆಗೆಯುವ ಮೊದಲು ಯಾರನ್ನು ಕೇಳುತ್ತೀರಿ ಎಂದಷ್ಟೇ ಕೇಳಿದೆ.

“ಯಾರನ್ನೂ ಕೇಳ್ಲಿಕ್ಕಿಲ್ಲ ಅಮ್ಮ,” ಎಂದರು ಇಂಜಿನಿಯರು. “ಬಂಟ್ವಾಳದ ಆಫೀಸಿನಲ್ಲೇ ಸ್ವಿಚ್ ಉಂಟು.”

ಒಳ್ಳೆಯದೇ ಅನ್ನಿಸಿತು. ಭಯವೂ ಆಯಿತು, ಸದ್ದಿಗೆ ಕಿವಿ ಕೊಡುವ ಅಡುಗೆಮನೆ ಅಲ್ಲಿ ಒಂದೂ ಇಲ್ಲವಲ್ಲ ಎಂದು. ಹಿಂತಿರುಗುವಾಗ ತಿರುವಿಗೆ ಇಳಿದೆ. ಮರಳಿನಲ್ಲಿ ನಮ್ಮ ಅರೆಯುವ ಕಲ್ಲಿನ ಅಂಚು ಮಾತ್ರ ಕಾಣುತ್ತಿತ್ತು. ಅಂಗಳವಿದ್ದಲ್ಲಿ ನಿಂತು, ದೊಡ್ಡಪ್ಪ ಎದುರಿಗಿದ್ದಾರೆ ಎಂಬಂತೆ, “ಆಗಲಿ, ತೆಗೆಯಿರಿ” ಎಂದೆ.